ಊರು ಬಿಟ್ಟು ಹೊರಗ ಹೋದ ಇಬ್ಬರು: ಫಿರೋಜಾಬಾದ್ ಯಾಕ ಹಾಳಾಯ್ತು, ದರ್ಗಾ ಯಾಕ ಬೆಳೀತು



ಈ ಸಲ ತೊಗರಿ, ಕಬ್ಬಿನ ಮಾತು ಬಿಟ್ಟು ಹಳೇ ಕಾಲದ ಸುದ್ದಿ ಬರೀಲಿಕತ್ತೀನಿ. ಅದಕ್ಕ ಕಾರಣ ಅದ. ಈಗ ಕಲಬುರಗಿಯಿಂದ ಯಾವ ರಸ್ತಾ ಹಿಡದು ಹೊರಗ ಬಂದರೂ, ಅಫಜಲಪುರ ರೋಡ್ ಇರಲಿ, ಜೇವರ್ಗಿ ರೋಡ್ ಇರಲಿ, ಆಳಂದ ರೋಡ್ ಇರಲಿ, ಹೊಲದಾಗ ಕಲ್ಲು ನೆಟ್ಟು, ಬಣ್ಣ ಹಚ್ಚಿ, ಮುಂದ ಒಂದು ಕಮಾನು ನಿಲ್ಲಿಸಿ ಪ್ಲಾಟ್ ಮಾಡ್ಯಾರ. ಶಹರದ ಮಂದಿಗೆ ಗದ್ದಲ ಸಾಕಾಗ್ಯದ, ಇನ್ನ ಹೊರಗ ಬರ್ತಾರ, ಇಲ್ಲೇ ಹೊಸ ಊರು ಆಗ್ತದ ಅಂತ ಏಜೆಂಟರು ಹೇಳ್ತಾರ. ಕೆಲವು ಕಡಿ ಖರೇನೂ ಆಗ್ಯದ. ಕೆಲವು ಕಡಿ ಕಲ್ಲಷ್ಟೇ ಉಳದಾವ. ಅಲ್ಲಿ ಹೊಲಾನೂ ಇಲ್ಲ, ಊರೂ ಇಲ್ಲ, ಜಾಲಿ ಬೆಳದದ.

ದೊಡ್ಡ ಊರು ಬಿಟ್ಟು ಹತ್ರದಾಗೇ ಹೊರಗ ಹೋಗಿ ನೆಲಸೋದು ನಮ್ಮ ಭಾಗಕ್ಕ ಹೊಸಾದಲ್ಲ. ಆರುನೂರು ವರ್ಷದ ಹಿಂದ ಇದೇ ಕಲಬುರಗಿಯಿಂದ ಒಂದೇ ಇಪ್ಪತ್ತು ವರ್ಷದೊಳಗ ಇಬ್ಬರು ಹೊರಗ ಹೋದರು. ಒಬ್ಬಾತ ಸುಲ್ತಾನ. ಇನ್ನೊಬ್ಬರು ಸಂತರು. ಸುಲ್ತಾನ ಕಟ್ಟಿದ ಊರೊಳಗ ಇವತ್ತು ರೈತರು ಬೆಳಿ ತೆಗೀತಾರ. ಸಂತರು ಹೋಗಿ ಕುಂತ ಜಾಗ ಇವತ್ತು ಕಲಬುರಗಿ ಶಹರದ ನಡುವ ಅದ. ಹಿಂಗ್ಯಾಕಾಯ್ತು ಅನ್ನೋದು ಹೊಲ ಇರೋ ನಮಗೆಲ್ಲ ಕೆಲಸಕ್ಕ ಬರೋ ಮಾತು.

ಮೊದಲು ಸ್ವಲ್ಪ ಹಿನ್ನೆಲೆ. 1347ರಾಗ ಅಲಾವುದ್ದೀನ್ ಹಸನ್ ಬಹಮನ್ ಶಾ ದೌಲತಾಬಾದಿನಾಗ ಸಿಂಹಾಸನ ಏರಿ ಬಹಮನಿ ರಾಜ್ಯ ಕಟ್ಟಿದ. ಆಮ್ಯಾಲ ರಾಜಧಾನಿ ನಮ್ಮ ಕಲಬುರಗಿಗೆ ಬಂತು. ಕೋಟೆ ಒಳಗಿನ ದೊಡ್ಡ ಜಾಮಿ ಮಸೀದಿ 1367ರದು. ರಾಜಧಾನಿ ಅಂದ ಮ್ಯಾಲ ಕುದುರಿ, ಆನಿ, ಸೈನ್ಯ, ವ್ಯಾಪಾರಸ್ಥರು, ಕುಶಲಕರ್ಮಿಗಳು ಎಲ್ಲಾ ಬಂದು ಸೇರಿದರು. ಐವತ್ತು ವರ್ಷದಾಗ ಕೋಟೆ ಸುತ್ತ ಊರು ತುಂಬಿತು.

1397ರಾಗ ಫಿರೋಜ್ ಶಾ ಬಹಮನಿ ಸುಲ್ತಾನ ಆದ. ಈತ ಬರೇ ಯುದ್ಧ ಮಾಡೋ ರಾಜ ಆಗಿರಲಿಲ್ಲ, ಭಾಳ ಓದಿದಾತ. ಹಲವು ಭಾಷಾ ಬರ್ತಿದ್ದವು. ಗಣಿತ, ಖಗೋಳ ಅಂದ್ರ ಜೀವ. 1407ರಾಗ ದೌಲತಾಬಾದ್ ಹತ್ರ ಗ್ರಹ ನಕ್ಷತ್ರ ನೋಡೋ ವೇಧಶಾಲೆ ಕಟ್ಟಲಿಕ್ಕ ಶುರು ಮಾಡಿಸಿದ, ಆ ಕೆಲಸ ನಡೆಸ್ತಿದ್ದ ಪಂಡಿತ ತೀರಿಕೊಂಡಿದ್ದಕ್ಕ ಅದು ಅರ್ಧಕ್ಕ ನಿಂತಿತು. ಇಂಥಾ ಮನುಷ್ಯಾಗ ಹಳೇ ಊರಿನ ಸಂದಿಗೊಂದಿ ಸಾಕಾಗಿ ಹೊಸ ಊರು ಕಟ್ಟೋ ಮನಸ್ಸಾಗಿದ್ದು ಸೋಜಿಗ ಅಲ್ಲ. 1400ರ ಸುಮಾರಿಗೆ ಕಲಬುರಗಿಯಿಂದ ದಕ್ಷಿಣಕ್ಕ ಸುಮಾರು 28 ಕಿ.ಮೀ. ದೂರ, ಭೀಮಾ ಹೊಳಿ ದಂಡಿ ಮ್ಯಾಲ ಫಿರೋಜಾಬಾದ್ ಕಟ್ಟಿಸಿದ.

ಜೇವರ್ಗಿಗೆ ಹೋಗೋರೆಲ್ಲ ಆ ಹೆಸರಿನ ಬೋರ್ಡ್ ನೋಡೇ ನೋಡ್ತೀರಿ. ಕಟ್ಟಿಸಂಗಾವಿ ಸೇತುವೆ ದಾಟೋಕ್ಕಿಂತ ಮೊದಲು ಬರ್ತದ. ಬಸ್ಸಿನಾಗ ಹೋಗೋರಿಗೆ ಸಾದಾ ಹಳ್ಳಿ ಕಂಡಂಗ ಕಾಣ್ತದ. ರಸ್ತಾ ಬಿಟ್ಟು ಹೊಳಿ ಕಡಿ ಹೋದರ ಗೊತ್ತಾಗ್ತದ ಆ ಊರಿನ ಅಳತಿ ಏನಿತ್ತು ಅನ್ನೋದು. ಪಡುವಣಕ್ಕ ಹೊಳಿಯೇ ಕಾವಲು. ಉಳಿದ ಮೂರು ಕಡಿ ದಪ್ಪ ಕಲ್ಲಿನ ಗ್ವಾಡಿ, ದೊಡ್ಡ ದೊಡ್ಡ ಅಗಸಿ ಬಾಗಿಲು. ಒಳಗ ಜಾಮಿ ಮಸೀದಿ, ಅದರ ಹಿಂದ ಹೊಳಿ ಕಡಿಗೆ ಅರಮನಿ, ಗುಮ್ಮಟ ಇರೋ ಸ್ನಾನದ ಮನಿ, ಹಮ್ಮಾಮ್ ಅಂತಾರಲ್ಲ, ಅದು. ದಖ್ಖನ್ನಿನಾಗ ಉಳಿದ ಹಮ್ಮಾಮುಗಳೊಳಗ ಭಾಳ ಹಳೇವು ಇಲ್ಲೇ ಅವ ಅಂತ ತಿಳದವರು ಹೇಳ್ತಾರ. 1992ರಾಗ ಜಾರ್ಜ್ ಮಿಶೆಲ್ ಮತ್ತು ರಿಚರ್ಡ್ ಈಟನ್ ಅನ್ನೋ ಇಬ್ಬರು ವಿದ್ವಾಂಸರು ಈ ಊರಿನ ಮ್ಯಾಲೇ ಒಂದು ಪುಸ್ತಕ ಬರದಾರ. ನಮ್ಮ ಮಗ್ಗುಲಿನ ಊರಿನ ಸುದ್ದಿ ಪರದೇಶದ ಮಂದಿ ಬರದ ಮ್ಯಾಲ ನಮಗ ಗೊತ್ತಾಗೋದು ನಮ್ಮ ಪದ್ಧತಿ.

ಈ ಊರಿನ ಬಗ್ಗೆ ಹಳೇ ಬರವಣಿಗಿ ಬಿಟ್ಟು ಹೋದಾತ ಫರಿಷ್ತಾ. ಈತ ಫಿರೋಜ್ ಕಾಲದಾತ ಅಲ್ಲ, ಇನ್ನೂರು ವರ್ಷ ಆದಮ್ಯಾಲ ವಿಜಯಪುರದ ಆದಿಲ್‌ಶಾಹಿ ದರ್ಬಾರದಾಗ ಕುಂತು ಬರದಾತ. ಅಗಲ ರಸ್ತಾ, ಸಾಲು ಅಂಗಡಿ, ಹೊಳಿ ಮಗ್ಗಲಕ್ಕ ಕಲ್ಲಿನ ಅರಮನಿ, ಅದರೊಳಗ ಹೊಳಿಯಿಂದ ಕಾಲುವಿ ತೆಗದು ತಂದ ನೀರು, ಬ್ಯಾರೆ ಬ್ಯಾರೆ ದೇಶದ ರಾಣಿಯರಿಗೆ ಬ್ಯಾರೆ ಬ್ಯಾರೆ ಮಹಲು ಅಂತ ಬರದಾನ. ಅಂದ್ರ ಈಗಿನ ಭಾಷಾದಾಗ ಹೇಳಬೇಕಂದ್ರ ಪೂರಾ ಪ್ಲಾನ್ ಮಾಡಿ ಕಟ್ಟಿದ ಬಡಾವಣಿ. ರಸ್ತಾ ಮೊದಲು, ಮನಿ ಆಮ್ಯಾಲ.

ಜಾಗಾನೂ ಸುಮ್ಮನ ಆರಿಸಿದ್ದಲ್ಲ. ಬಹಮನಿಗೂ ವಿಜಯನಗರಕ್ಕೂ ಕೃಷ್ಣಾ ತುಂಗಭದ್ರಾ ನಡುವಿನ ರಾಯಚೂರು ಸೀಮಿ ಸಲುವಾಗಿ ತಲಿಮಾರುಗಟ್ಟಲೆ ಜಗಳ. ದಕ್ಷಿಣಕ್ಕ ದಂಡು ಹೊರಡಬೇಕಾದರ ಭೀಮಾ ದಂಡಿ ಮ್ಯಾಲೊಂದು ಠಾಣೆ ಇದ್ದರ ಅನುಕೂಲ. ಹೊಳಿ ನೀರು ಕುದುರಿ, ಆನಿಗೆ ಸಾಕಾಗ್ತದ. ಹಿಂಗಾಗಿ ಫಿರೋಜಾಬಾದ್ ಅರ್ಧ ವಿಹಾರದ ಜಾಗ, ಅರ್ಧ ದಂಡಿನ ಬೀಡು.

ಈಗ ರೈತರ ಲೆಕ್ಕಕ್ಕ ಬರೋಣ. ಇತಿಹಾಸದ ಪುಸ್ತಕದಾಗ ಈ ಲೆಕ್ಕ ಇರೋದಿಲ್ಲ, ನನ್ನ ಹಿಡಿತದ್ದು, ತಪ್ಪು ಅನಿಸಿದರ ನೀವೂ ಹಾಕಿ ನೋಡ್ರಿ. ಆ ಊರಾಗ ಐದು ಸಾವಿರ ಮಂದಿ ಇದ್ದರು ಅಂತ ಸುಮ್ಮನ ಹಿಡೀರಿ. ಒಬ್ಬರಿಗೆ ದಿನಕ್ಕ ಅರ್ಧ ಕಿಲೋ ಜ್ವಾಳ ಅಂದ್ರ ಎರಡೂವರಿ ಸಾವಿರ ಕಿಲೋ, 25 ಕ್ವಿಂಟಲ್. ಒಂದು ಬಂಡಿ ಎಂಟು ಹತ್ತು ಕ್ವಿಂಟಲ್ ಎಳೀತದ. ಬರೇ ಜ್ವಾಳಕ್ಕೇ ದಿನಾ ಮೂರು ಬಂಡಿ ಬೇಕು. ಒಂದು ಸಾವಿರ ಕುದುರಿ ಇದ್ದರ, ತಲಿಗೆ ಮೂರು ಕಿಲೋ ಕಡ್ಲಿ, ಹುರಳಿ ಅಂದ್ರೂ ಇನ್ನ ಮೂವತ್ತು ಕ್ವಿಂಟಲ್. ಮ್ಯಾಲ ಕಣಿಕಿ, ಹುಲ್ಲು, ಕಟಗಿ, ಎಣ್ಣಿ, ಬೆಲ್ಲ, ಉಪ್ಪು, ಕಾಯಿಪಲ್ಯ. ಊರಂದ್ರ ದಿನಾ ಬಂಡಿ ಬರಬೇಕು, ದಿನಾ ಬಂಡಿ ಖಾಲಿ ಆಗಿ ಹೋಗಬೇಕು.

ಕಲಬುರಗಿಗೂ ಫಿರೋಜಾಬಾದಿಗೂ 28 ಕಿ.ಮೀ. ಸುಲ್ತಾನನ ಕುದುರಿಗೆ ಅದು ಒಂದು ಹೊತ್ತಿನ ದಾರಿ. ಮುಂಜಾನೆ ಹೊರಟರ ಊಟದ ಹೊತ್ತಿಗೆ ಮುಟ್ಟಬಹುದು. ತುಂಬಿದ ಎತ್ತಿನ ಬಂಡಿಗೆ ಅದೇ ದಾರಿ ಒಂದು ಪೂರ್ತಿ ದಿನ. ಹೋಗಲಿಕ್ಕೊಂದು ದಿನ, ಬರಲಿಕ್ಕೊಂದು ದಿನ. ಎರೆ ಭೂಮಿ, ಮಳಿಗಾಲದಾಗ ಗಾಲಿ ಹೂತರ ಇನ್ನೊಂದು ದಿನ. ಸುಲ್ತಾನಗ ಹತ್ರ ಇದ್ದದ್ದು ವ್ಯಾಪಾರಸ್ಥಗ ದೂರ. ಕಲಬುರಗಿ ಪ್ಯಾಟಿ ಕಿತ್ತು ಇಲ್ಲಿಗೆ ಬರಲಿಲ್ಲ, ರಾಜಧಾನಿ ಪಟ್ಟಾನೂ ಕಲಬುರಗಿಯಲ್ಲೇ ಉಳೀತು. ಸುಲ್ತಾನ ದಂಡು ಸಮೇತ ಬಂದಾಗ ಫಿರೋಜಾಬಾದ್ ತುಂಬಿ ತುಳುಕಿರಬೇಕು. ಆತ ದಂಡೆತ್ತಿ ಹೋದಾಗ ಅಂಗಡಿ ಮುಂದ ನೊಣ ಹೊಡೀತಾ ಕೂಡಬೇಕು. ಒಬ್ಬನೇ ಗಿರಾಕಿ ನಂಬಿ ಅಂಗಡಿ ಹಾಕಿದಂಗ.

ಆ ಕಾಲಕ್ಕ ಬರದ ಹೊಡ್ತಾನೂ ಇತ್ತು ಅನ್ನೋದು ಮರೀಬಾರದು. ಫಿರೋಜ್‌ಗಿಂತ ಮೊದಲು 1378ರಿಂದ 1397ರ ತನಕ ಆಳಿದ ಎರಡನೇ ಮಹಮ್ಮದ್ ಶಾನ ಕಾಲದಾಗ ಬರ ಬಿದ್ದಾಗ, ಮಾಳವಾ, ಗುಜರಾತದಿಂದ ಕಾಳು ತರಲಿಕ್ಕ ಹತ್ತು ಸಾವಿರ ಎತ್ತುಗಳನ್ನ ಸರಕಾರದ ಖರ್ಚಿನಾಗೇ ಇಟ್ಟಿದ್ದ ಅಂತ ಫರಿಷ್ತಾ ಬರದಾನ. ಮರಾಠಿ ಸೀಮಿಯಾಗ 1396ರಿಂದ ಶುರುವಾದ ಬರಕ್ಕ ದುರ್ಗಾದೇವಿ ಬರ ಅಂತ ಹೆಸರಿಟ್ಟು ತಲಿಮಾರುಗಳ ತನಕ ನೆನಪಿಟ್ಟುಕೊಂಡಿದ್ದರು. ಭೀಮಾ ನೀರು ಬರೋದೇ ಆ ಸೀಮಿಯಿಂದ. ಅಂಥಾ ಹೊತ್ತಿನಾಗ ಈ ಕಲ್ಲಿನ ಗ್ವಾಡಿ ಎದ್ದು ನಿಂತದ್ದು.

ಇನ್ನ ಎರಡನೇ ಮನುಷ್ಯರ ಸುದ್ದಿ. ಖ್ವಾಜಾ ಬಂದೇನವಾಜ್ ಗೇಸುದರಾಜ್ ಅವರು ದಿಲ್ಲಿಯವರು, 1321ರಾಗ ಹುಟ್ಟಿದವರು. ಮಹಮ್ಮದ್ ಬಿನ್ ತುಘಲಕ್ ದಿಲ್ಲಿ ಮಂದಿಗೆ ದೌಲತಾಬಾದಿಗೆ ನಡೀರಿ ಅಂತ ಹೊರಡಿಸಿದ್ದು ನಮ್ಮ ಸಾಲಿ ಪುಸ್ತಕದಾಗೂ ಇತ್ತಲ್ಲ, ಆ ಕಾಲದಾಗ ದೌಲತಾಬಾದಿಗೆ ಬಂದ ಮನಿತನಗಳಾಗ ಇವರದೂ ಒಂದು. ಆಗ ಅವರು ಸಣ್ಣ ಹುಡುಗ. ತಂದಿ ಅಲ್ಲೇ ತೀರಿಕೊಂಡರು, ಅವರ ಗೋರಿ ಈಗಿನ ಖುಲ್ದಾಬಾದಿನಾಗ ಅದ. ಹುಡುಗ ತಿರುಗಿ ದಿಲ್ಲಿಗೆ ಹೋಗಿ ಅಲ್ಲೇ ಕಲಿತು, ಅಲ್ಲೇ ಮುಪ್ಪಾದರು. ರಾಜ ಹೇಳಿದ ಅಂತ ಊರು ಎದ್ದು ಹೋಗೋದು ಅಂದ್ರ ಏನು ಅನ್ನೋದು ಆ ಮನಿ ಮಂದಿಗೆ ಚೆನ್ನಾಗಿ ಗೊತ್ತಿತ್ತು.

1398ರಾಗ ತೈಮೂರ್ ದಿಲ್ಲಿ ಮ್ಯಾಲ ಬೀಳೋದಕ್ಕ ಮೊದಲೇ ಅವರು ದಿಲ್ಲಿ ಬಿಟ್ಟರು. ಗುಜರಾತ್, ದೌಲತಾಬಾದ್ ಮಾರ್ಗ ಹಿಡದು 1400ರ ಸುಮಾರಿಗೆ ಕಲಬುರಗಿಗೆ ಬಂದರು. ವಯಸ್ಸು ಎಂಬತ್ತರ ಹತ್ರ. ಫಿರೋಜ್ ಶಾ ಮರ್ಯಾದಿಯಿಂದ ಬರಮಾಡಿಕೊಂಡ. ಕೋಟೆ ಹತ್ರಾನೇ ಅವರ ಆಶ್ರಮ, ಖಾನ್‌ಖಾ ಅಂತಾರ, ಅದು ಆಯ್ತು. ದಿನಾ ಮಂದಿ ಬರಲಿಕ್ಕ ಹತ್ತಿದರು. ಸುಲ್ತಾನನ ತಮ್ಮ ಅಹಮದನೂ ಅವರ ಭಕ್ತ.

ಬರಬರ್ತಾ ಸುಲ್ತಾನಗೂ ಅವರಿಗೂ ಸರಿಬೀಳಲಿಲ್ಲ. ಫಿರೋಜ್ ತನ್ನ ಮಗ ಹಸನಗ ಪಟ್ಟ ಕಟ್ಟಬೇಕು, ನೀವು ಆಶೀರ್ವಾದ ಮಾಡ್ರಿ ಅಂದ. ಪಟ್ಟ ಅಹಮದನ ಹಣೆಬರಹದಾಗ ಅದ ಅಂತ ಖ್ವಾಜಾ ಹೇಳಿದರು ಅನ್ನೋದು ಹಳೇ ಕಥಿ. ಸುಲ್ತಾನಗ ಸಿಟ್ಟು ಬಂತು. ಕೋಟೆ ಮಗ್ಗಲಾಗ ಇಷ್ಟು ಮಂದಿ ಕೂಡೋದು ಸರಿ ಅಲ್ಲ, ಊರ ಹೊರಗ ಹೋಗ್ರಿ ಅಂತ ಹೇಳಿ ಕಳಿಸಿದ. ಅವರು ಜಗಳ ಆಡಲಿಲ್ಲ. ಊರಿಂದ ಮೂಡಣಕ್ಕ ಖಾಲಿ ಜಾಗಕ್ಕ ಹೋಗಿ ಕುಂತರು. ಈಗ ದರ್ಗಾ ಇರೋದು ಅಲ್ಲೇ.

ನೋಡ್ರಿ, ಇಬ್ಬರೂ ಹೊರಗ ಹೋದರು. ಸುಲ್ತಾನ ತನ್ನ ಖುಷಿಯಿಂದ ಹೋದ, ಖ್ವಾಜಾ ಅವರನ್ನ ಕಳಿಸಿದರು. ಸುಲ್ತಾನನ ಬೆನ್ನಿಗೆ ಖಜಾನಿ ಇತ್ತು. ಖ್ವಾಜಾ ಬೆನ್ನಿಗೆ ಬಂದದ್ದು ದಿನಾ ನಡಕೊಂಡು ಬರೋ ಸಾದಾ ಮಂದಿ. ಅವರು ಸುಲ್ತಾನ ಊರಾಗ ಇದ್ದರೂ ಬಂದರು, ಇಲ್ಲದಿದ್ದರೂ ಬಂದರು. ಮಂದಿ ಬಂದಲ್ಲಿ ಹೂವಿನವರು ಬಂದರು, ರೊಟ್ಟಿ ಮಾಡೋರು ಬಂದರು, ಇಳಕೊಳ್ಳೋ ಜಾಗ ಆಯ್ತು, ಅಂಗಡಿ ಆದವು. ಹಳೇ ಊರಿಂದ ನಡಕೊಂಡು ಹೋಗಿ ಸಂಜಿಗೆ ತಿರುಗಿ ಬರೋವಷ್ಟೇ ದೂರ ಇತ್ತು ಅನ್ನೋದೂ ಒಂದು ಕಾರಣ. ಹಿಂಗಾಗಿ ಊರು ತಾನೇ ಬೆಳಕೋತ ದರ್ಗಾದ ತನಕ ಬಂತು, ಆಮ್ಯಾಲ ದರ್ಗಾ ದಾಟಿ ಮುಂದೂ ಹೋಯ್ತು.

ಫಿರೋಜ್ ಕಥಿ ಮುಗದದ್ದು ಬ್ಯಾರೆ ರೀತಿ. ಪಾನಗಲ್ ಕೋಟೆ ಸಲುವಾಗಿ ನಡೆದ ಯುದ್ಧದಾಗ 1420ರ ಸುಮಾರಿಗೆ ವಿಜಯನಗರದ ಎದುರಿಗೆ ಸೋತ. 1422ರಾಗ ತಮ್ಮ ಅಹಮದ್ ಪಟ್ಟ ಕಸಗೊಂಡ, ಅದೇ ವರ್ಷ ಫಿರೋಜ್ ಸತ್ತ. ಖ್ವಾಜಾ ಅವರೂ ಅದೇ 1422ರಾಗ ತೀರಿಕೊಂಡರು. ಅಹಮದ್ ಶಾ ತನ್ನ ಗುರುವಿನ ಗೋರಿ ಮ್ಯಾಲ ದೊಡ್ಡ ಗುಮ್ಮಟ ಕಟ್ಟಿಸಿದ. ಕೆಲವೇ ವರ್ಷದಾಗ, 1430 ಬರೋದ್ರೊಳಗ, ರಾಜಧಾನಿ ಬೀದರಿಗೆ ಒಯ್ದ. ಫಿರೋಜಾಬಾದಿಗೆ ಅಲ್ಲಿಗೆ ಆಸರ ತಪ್ಪಿತು. ಬೀದರ್ ಸುಲ್ತಾನಗ ಭೀಮಾ ದಂಡಿ ಅರಮನಿ ಯಾತಕ್ಕ ಬೇಕು? ಊರು ಕಟ್ಟಿ ಮೂವತ್ತು ವರ್ಷ ಆಗಿತ್ತು ಅಷ್ಟೇ. ನಮ್ಮ ಕಡಿ ಒಂದು ಮಾವಿನ ಗಿಡದ ಆಯುಷ್ಯ ಅದಕ್ಕಿಂತ ಹೆಚ್ಚು.

ಇನ್ನೊಂದು ಮಾತು. ಫಿರೋಜ್‌ನ ಗೋರಿ ಫಿರೋಜಾಬಾದಿನಾಗ ಇಲ್ಲ. ಕಲಬುರಗಿಯ ಹಫ್ತ್ ಗುಂಬಜ್ ಅಂತೀವಲ್ಲ, ಸುಲ್ತಾನರ ಗೋರಿಗಳ ಗುಂಪು, ಅಲ್ಲಿರೋ ಎರಡು ಗುಮ್ಮಟದ ದೊಡ್ಡ ಗೋರಿನೇ ಆತಂದು. ಊರ ಹೊರಗ ಹೋಗ್ರಿ ಅಂತ ಯಾರಿಗೆ ಹೇಳಿದ್ದನೋ ಅವರ ದರ್ಗಾಕ್ಕ ಅಲ್ಲಿಂದ ನಡಕೊಂಡು ಹೋಗಬಹುದು. ತಾ ಕಟ್ಟಿದ ಊರು ಬಿಟ್ಟು ಕಡೀಕ ಕಲಬುರಗಿ ಮಣ್ಣೇ ಸೇರಿದ.

ಒಂದೇ ಊರು ನೋಡಿ ಮಾತಾಡಿದರ ತಪ್ಪಾಗ್ತದ, ಅದಕ್ಕ ಇನ್ನೆರಡು ನೋಡೋಣ. 1599ರಾಗ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾ ಊರಿಗೆ ಪಡುವಣಕ್ಕ ತೊರವಿ ಹತ್ರ ನವರಸಪುರ ಅಂತ ಹೊಸ ಊರು ಕಟ್ಟಲಿಕ್ಕ ಹಚ್ಚಿದ. ಸಂಗೀತ ಅಂದ್ರ ಆತಗ ಪ್ರಾಣ, ಊರಿನ ಹೆಸರೂ ಹಂಗೇ. ಫಿರೋಜಾಬಾದ್ ಬಗ್ಗೆ ಬರದ ಫರಿಷ್ತಾ ಇದೇ ರಾಜನ ಆಸರದಾಗ ಇದ್ದಾತ. ಹಳೇ ಊರು ಕಟ್ಟಿ ಹಾಳಾದ ಕಥಿ ಬರೆಯೋನ ಕಣ್ಣ ಮುಂದನೇ ಇನ್ನೊಂದು ಊರು ಏಳಲಿಕತ್ತಿತ್ತು. ಊರಿನ ಸುತ್ತಿನ ಗ್ವಾಡಿ ಪೂರ್ತಿ ಆಗಲಿಲ್ಲ. 1624ರಾಗ ಅಹಮದನಗರದ ಮಲಿಕ್ ಅಂಬರ್ ದಂಡೆತ್ತಿ ಬಂದು ಅದನ್ನ ಹಾಳು ಮಾಡಿದ. ವಿಜಯಪುರಕ್ಕ ಗ್ವಾಡಿ ಇತ್ತು, ಉಳಕೊಂಡಿತು. ಈಗ ತೊರವಿ ಹತ್ರ ಸಂಗೀತ ಮಹಲಿನ ಕಮಾನು ನಿಂತಾವ.

ಹಂಗಂತ ರಾಜರು ಕಟ್ಟಿದ ಹೊರ ಊರೆಲ್ಲ ಹಾಳಾದವು ಅಂತಲ್ಲ. ಕೃಷ್ಣದೇವರಾಯ ವಿಜಯನಗರದ ಹೊರಗ ತನ್ನ ತಾಯಿ ನಾಗಲಾದೇವಿ ಹೆಸರಿಲೆ ನಾಗಲಾಪುರ ಕಟ್ಟಿಸಿದ. 1565ರ ಯುದ್ಧ ಆದಮ್ಯಾಲ ದೊಡ್ಡ ವಿಜಯನಗರ ಹಾಳ ಹಂಪಿ ಆಯ್ತು, ಹೊರಗಿನ ನಾಗಲಾಪುರ ಉಳೀತು. ಈಗಿನ ಹೊಸಪೇಟೆ ಅದೇ. ಯಾಕ ಉಳೀತು? ನನಗ ಕಾಣೋ ಕಾರಣ ನೀರು. ಸುತ್ತ ತುಂಗಭದ್ರಾದ ಕಾಲುವಿಗಳು ಗದ್ದಿಗೆ ಹರೀತಿದ್ದವು, ಆ ಕಾಲದ ಕಾಲುವಿ ಕೆಲವು ಇವತ್ತಿಗೂ ಹರೀತಾವ. ರಾಜ ಹೋದರೂ ಭತ್ತ, ಕಬ್ಬು ಬೆಳೆಯೋ ರೈತ ಅಲ್ಲೇ ಇದ್ದ, ಅವನ ಮಾಲಿಗೆ ಪ್ಯಾಟಿ ಬೇಕಿತ್ತು. ಫಿರೋಜಾಬಾದಿನಾಗ ಕಾಲುವಿ ತೆಗದದ್ದು ಅರಮನಿಗೆ. ಹೊಲಕ್ಕ ಹರಿಸಿದ್ದರ ಕಥಿ ಬ್ಯಾರೆ ಆಗ್ತಿತ್ತೋ ಏನೋ.

ನಮ್ಮ ತಾಲೂಕಿನ ದೇವಲಗಾಣಗಾಪುರಾನೇ ತಗೋರಿ. ಅದೇ ಭೀಮಾ ಹೊಳಿ, ಫಿರೋಜಾಬಾದಿಗಿಂತ ಮ್ಯಾಲಕ್ಕ. ಅದೇ ಹದಿನೈದನೇ ಶತಮಾನ. ನರಸಿಂಹ ಸರಸ್ವತಿ ಸ್ವಾಮಿಗಳು ಮೊದಲು ಊರ ಹೊರಗ ಭೀಮಾ ಅಮರ್ಜಾ ಸಂಗಮದಾಗ ಇದ್ದರು, ಆಮ್ಯಾಲ ಕರದಾಗ ಊರೊಳಗಿನ ಮಠಕ್ಕ ಬಂದರು, ಆದರೂ ಅನುಷ್ಠಾನಕ್ಕ ದಿನಾ ಸಂಗಮಕ್ಕ ಹೋಗ್ತಿದ್ದರು ಅಂತ ಗುರುಚರಿತ್ರೆ ಹೇಳ್ತದ. ಇವತ್ತಿಗೂ ಬಂದವರು ಸಂಗಮದಾಗ ಸ್ನಾನ ಮಾಡಿ ಮಠಕ್ಕ ಬರ್ತಾರ. ಎರಡು ಜಾಗದ ನಡುವ ದಿನಾ ಮಂದಿ ಓಡಾಡ್ತಾರ, ಅದಕ್ಕ ಎರಡೂ ಜಾಗ ಜೀವಂತ ಅವ. ಅಲ್ಲಿ ಕೋಟೆ ಕಟ್ಟಿದವರು ಯಾರೂ ಇಲ್ಲ.

ಈಗಿನ ಮಾತಿಗೆ ಬರೋಣ. 2009ರ ನೆರಿ ಯಾರೂ ಮರತಿಲ್ಲ. ಆಮ್ಯಾಲ ಉತ್ತರ ಕರ್ನಾಟಕದ ಹೊಳಿ ದಂಡಿ ಊರುಗಳಿಗೆ ಸರಕಾರ, ದಾನಿಗಳು ಕೂಡಿ ಎತ್ತರದ ಜಾಗದಾಗ ಆಸರೆ ಮನಿ ಕಟ್ಟಿಸಿದರು. ಉದ್ದೇಶ ಒಳ್ಳೇದೇ ಇತ್ತು. ಆದರ ಎಷ್ಟೋ ಕಡಿ ಮಂದಿ ಹೋಗಲಿಲ್ಲ, ಹೋದವರೂ ತಿರುಗಿ ಬಂದರು. ಯಾಕಂತ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದನಾ ಕಟ್ಟಲಿಕ್ಕ ಜಾಗ ಇಲ್ಲ, ಬಣವಿ ಒಟ್ಟಲಿಕ್ಕ ಹಿತ್ತಲಿಲ್ಲ, ಹೊಲ ದೂರ ಆಯ್ತು, ರಾತ್ರಿ ನೀರು ಕಟ್ಟಲಿಕ್ಕ ಹೋಗೋದು ಹ್ಯಾಂಗ? 2020ರ ಅಕ್ಟೋಬರದಾಗ ಉಜನಿ ಕಡಿಂದ ನೀರು ಬಿಟ್ಟಾಗ ಭೀಮಾ ದಂಡಿ ಮಂದಿ ಮತ್ತ ಗಂಟುಮೂಟಿ ಕಟ್ಟಿದರು. ಅಂದ್ರ ಹಳೇ ಊರಾಗ ಅಪಾಯ ಅದ ಅಂತ ಗೊತ್ತಿದ್ದೂ ಬಿಡಲಿಲ್ಲ. ಹೊಸ ಊರಾಗ ಮನಿ ಕೊಟ್ಟರು, ದಿನದ ಬದುಕು ಕೊಡಲಿಲ್ಲ. ಇನ್ನ ಮುಂದ ಯಾವುದರ ಊರು ಸ್ಥಳಾಂತರದ ಮಾತು ಬಂದರ, ಗ್ರಾಮಸಭಾದಾಗ ಮನಿ ನಕ್ಷಾಕ್ಕಿಂತ ಮೊದಲು ದನದ ಕೊಟಗಿ, ಹೊಲದ ದಾರಿ ಕೇಳ್ರಿ.

ಪ್ಲಾಟಿನ ಮಾತೂ ಅಷ್ಟೇ. ಹೊಲ ಮಾರಬ್ಯಾಡ್ರಿ ಅಂತ ನಾ ಹೇಳಲ್ಲ. ಸಾಲ ಇರ್ತದ, ಮಗಳ ಲಗ್ನ ಇರ್ತದ, ದವಾಖಾನಿ ಖರ್ಚಿರ್ತದ, ಅವರವರ ಕಷ್ಟ ಅವರಿಗೇ ಗೊತ್ತು. ಆದರ ಇಲ್ಲಿ ಊರು ಆಗೇ ಆಗ್ತದ ಅಂತ ಯಾರೋ ಹೇಳಿದ ಮಾತಿನ ಮ್ಯಾಲ ಇದ್ದ ನಾಕು ಎಕರೆ ಕೊಟ್ಟು, ಬಂದ ರೊಕ್ಕದಾಗ ಅದೇ ಲೇಔಟಿನಾಗ ತಿರುಗಿ ಎರಡು ಪ್ಲಾಟ್ ಹಿಡದು ಕೂಡೋದಕ್ಕ ಮೊದಲು ಕೆಲವು ಮಾತು ಕೇಳಿಕೊಳ್ರಿ. ಇಲ್ಲಿ ಕುಡಿಯೋ ನೀರು ಎಲ್ಲಿಂದ ಬರ್ತದ, ಬ್ಯಾಸಗಿಯಾಗ ಬೋರ್ ಹಿಡೀತದೋ ಇಲ್ಲೋ? ಕೂಲಿ ಮಾಡೋರು, ಸಾಲಿ ಹುಡುಗರು ದಿನಾ ಹೋಗಿ ಸಂಜಿಗೆ ತಿರುಗಿ ಬರೋವಷ್ಟು ದೂರ ಅದನೋ, ಬಸ್ಸು ನಿಲ್ತದೋ? ಇಲ್ಲಿ ಯಾರ ಮಾಲು ಮಾರಲಿಕ್ಕ ಬರ್ತದ, ಯಾರು ಕೊಳ್ತಾರ? ಎಲ್ಲಾದಕ್ಕಿಂತ ಹೆಚ್ಚಿಂದು, ಈ ಊರು ಯಾರೋ ಒಬ್ಬ ದೊಡ್ಡ ಮನುಷ್ಯನ ಮ್ಯಾಲ ನಿಂತದೋ, ಆತ ಕೈ ಬಿಟ್ಟರೂ ನಿಲ್ತದೋ? ಕಾಗದ ಪತ್ರ, ಎನ್.ಎ. ಆಗ್ಯದೋ ಇಲ್ಲೋ ಅದೂ ನೋಡ್ರಿ, ಆದರ ಎನ್.ಎ. ಆದ ಕೂಡಲೇ ಊರು ಆಗಲ್ಲ. ಫಿರೋಜಾಬಾದಿಗೆ ಸುಲ್ತಾನನ ಹುಕುಮೇ ಇತ್ತು.

ಜೇವರ್ಗಿ ಕಡಿ ಹೋಗೋ ಕೆಲಸ ಬಿದ್ದರ ಒಂದು ತಾಸು ಹೆಚ್ಚಿಗಿ ಇಟ್ಟುಕೊಂಡು ಫಿರೋಜಾಬಾದಿನಾಗ ಇಳೀರಿ, ಮಕ್ಕಳನ್ನ ಕರಕೊಂಡು ಹೋಗ್ರಿ. ಬ್ಯಾಸಗಿಯಾಗ ಹೋದರ ಛಲೋ, ಮಳಿಗಾಲದಾಗ ಎರೆ ಮಣ್ಣು, ಮುಳ್ಳುಕಂಟಿ, ಹುಳಾ ಹುಪ್ಪಡಿ ಭಾಳ. ಹೊಲದಾಗ ಬೆಳಿ ನಿಂತಿದ್ದರ ಬದುವಿನ ಮ್ಯಾಲೇ ನಡೀರಿ, ತುಳೀಬ್ಯಾಡ್ರಿ. ಅಗಸಿ ಬಾಗಿಲದಾಗ ನಿಂತು ಒಳಗ ನೋಡ್ರಿ. ಅಗಲ ರಸ್ತಾ, ಸಾಲು ಅಂಗಡಿ ಅಂತ ಫರಿಷ್ತಾ ಬರದ ಜಾಗದಾಗ ಸಾಲು ಹಿಡದು ಬೆಳಿ ಅದ. ರೈತಗ ಆ ಎರೆ ಭೂಮಿ ಇನ್ನೂ ಅನ್ನ ಹಾಕ್ಲಿಕತ್ತದ.

ನಿಮ್ಮ ಊರ ಹತ್ರಾನೂ ಹಾಳ ಗಾಂವಠಾಣ ಇದ್ದೇ ಇರ್ತಾವ. ಮಂದಿ ಯಾಕ ಎದ್ದು ಹೋದರು, ಎಲ್ಲಿಗೆ ಹೋದರು ಅಂತ ಮನಿಯಾಗ ಹಿರೇರು ಇದ್ದರ ಈಗೇ ಕೇಳಿ ಬರದಿಡ್ರಿ. ಮುಂದಿನ ಸಲ ತೊಗರಿ ಗೊಡ್ಡು ರೋಗದ ಬಗ್ಗೆ ಬರೀತೀನಿ.